ಮದ್ಯ ತ್ಯಜಿಸಿದವರು ಮತ್ತು ನಮ್ಮ ಔತಣಗಳು

ಕುಡಿತ ತ್ಯಜಿಸಿ ಹತ್ತು ವರ್ಷ ಕಳೆದವರನ್ನೂ ‘ಇನ್ನೇನು ಭಯ, ಒಂದು ಗುಟುಕು’ ಎಂದು ಮದುವೆಯ ಔತಣಗಳಲ್ಲಿ ಒತ್ತಾಯಿಸುವವರು ನಮ್ಮಲ್ಲಿದ್ದಾರೆ. ಇದೆಂತಹ ಉಪಚಾರವೋ! ವ್ಯಸನಮುಕ್ತನು ಪ್ರತಿದಿನವೂ ಎಚ್ಚರದಿಂದಲೇ ಬಾಳಬೇಕು. 1975ರಲ್ಲಿ ಪೂಜ್ಯರೆಂದು ಘೋಷಿತರಾದ, ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ ಪ್ರತಿಜ್ಞೆ ಕೈಗೊಂಡದ್ದು ಮೂರು ತಿಂಗಳಿಗೆ ಮಾತ್ರ. ಅದನ್ನು ಆರು ತಿಂಗಳಿಗೆ, ಬಳಿಕ ಜೀವನಪರ್ಯಂತಕ್ಕೆ ವಿಸ್ತರಿಸಿ, 1925ರಲ್ಲಿ ನಿಧನರಾಗುವವರೆಗೂ ಪಾಲಿಸಿದರು. ಆದರೂ ಸೆಳೆತಕ್ಕೆ ಅಂಜಿ ಕಿಸೆಯಲ್ಲಿ ಹಣವಿಟ್ಟುಕೊಳ್ಳುತ್ತಿರಲಿಲ್ಲವಂತೆ. ಅತ್ಯಲ್ಪ ದ್ರಾಕ್ಷಾರಸವನ್ನೂ ಸೇವಿಸಲಾಗದ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗುವಿಕೆ ತಡೆದ ದ್ರಾಕ್ಷಿರಸದಿಂದ ಬಲಿಪೂಜೆ ಅರ್ಪಿಸಬಹುದೆಂದು ವ್ಯಾಟಿಕನ್ 2003ರಲ್ಲಿ ತಿಳಿಸಿತು. ಬಲಿಪೀಠದಲ್ಲೇ ಇಷ್ಟು ಅನುಕಂಪವಿರುವಾಗ, ನಮ್ಮ ಸಭಾಂಗಣಗಳಲ್ಲಿ ‘ಟೋಸ್ಟ್’ ಎತ್ತುವ ವೇಳೆ ಯಾರೂ ಕೇಳದೆಯೇ ಪ್ರತಿ ಮೇಜಿಗೂ ಶರಬತ್ತು ಬರಲು ಅಡ್ಡಿಯೇನು?