ಆಟ ಸಾಕಾಯಿತೇ, ಜೊತೆಗಾರರು ಚದುರಿದರೇ?

ವಿಡಿಯೊ ಗೇಮ್ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗೆ ಎರಡೇ ಮುಖ. ಒಂದು, ಮಕ್ಕಳು ಮೊಬೈಲ್ ಕೆಳಗಿಡುತ್ತಿಲ್ಲ ಎಂಬ ಪೋಷಕರ ಅಳಲು. ಇನ್ನೊಂದು, ದುಡ್ಡು ಕಟ್ಟಿ ಆಡಿ ಸಾಲಕ್ಕೆ ಬಿದ್ದವರ ಕಥೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯ ಸುತ್ತ ಎದ್ದ ವಾದ ವಿವಾದವೂ ಈ ಎರಡರ ನಡುವೆಯೇ ಓಡಾಡಿತು. ಇವೆರಡರ ಮಧ್ಯೆ ಮೂರನೆಯ ಸಂಗತಿಯೊಂದಿದೆ. ಅದಕ್ಕೆ ಸದ್ದಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ. ಹತ್ತು ಹದಿನೈದು ವರ್ಷ ಆಟದಲ್ಲಿ ಮುಳುಗಿದ್ದವರಿಗೆ ಮೂವತ್ತು ದಾಟುತ್ತಿದ್ದಂತೆ ಆಟ ಬೇಡವಾಗುತ್ತದೆ. ಯಾರೂ ಬಿಡಿಸಲಿಲ್ಲ, ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಆಸಕ್ತಿ ತಾನಾಗಿಯೇ ಇಳಿದು ಹೋಯಿತು.

ನಮ್ಮ ಪೀಳಿಗೆಯ ಲೆಕ್ಕ ತೆಗೆದರೆ ಇದು ಸಣ್ಣ ಗುಂಪೇನಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಡೇಂಜರಸ್ ಡೇವ್, ಸೈಬರ್ ಕೆಫೆಯಲ್ಲಿ ರೋಡ್ ರ್‍ಯಾಶ್, ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೌಂಟರ್ ಸ್ಟ್ರೈಕ್ ಮತ್ತು ಏಜ್ ಆಫ್ ಎಂಪೈರ್ಸ್, ಕೆಲಸ ಸಿಕ್ಕ ಮೇಲೆ ಪಬ್‌ಜಿ. ಹುಬ್ಬಳ್ಳಿಯಿಂದ ಪುಣೆಗೆ, ಕಲಬುರಗಿಯಿಂದ ಹೈದರಾಬಾದಿಗೆ, ಮಂಗಳೂರಿನಿಂದ ಮುಂಬೈಗೆ ಬಂದ ಅನೇಕರ ಯೌವನದ ನಕ್ಷೆ ಇದೇ. ಈಗ ಅದೇ ಜನ ಮೊದಲ ಸಂಬಳದ ಉತ್ಸಾಹದಲ್ಲಿ ಕೊಂಡ ಕನ್ಸೋಲಿನ ಮೇಲೆ ಧೂಳು ಕೂತಿದೆ ಎನ್ನುತ್ತಾರೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ, ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ. ಹದಿನೆಂಟರಲ್ಲಿ ಆಡಲು ಹೊತ್ತಿತ್ತು, ದುಡ್ಡಿರಲಿಲ್ಲ. ಮೂವತ್ತೈದರಲ್ಲಿ ದುಡ್ಡಿದೆ, ಹೊತ್ತಿಲ್ಲ. ಆದರೆ ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಬೆರಳಿನ ವೇಗವೋ, ಗಡಿಯಾರವೋ?

ವಯಸ್ಸಾದಂತೆ ಕೈ ನಿಧಾನವಾಗುತ್ತದೆ ಎಂಬುದು ನಿಜ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಟಾರ್‌ಕ್ರಾಫ್ಟ್ 2 ಎಂಬ ತಂತ್ರಗಾರಿಕೆಯ ಆಟವನ್ನು ಆಡುವ, 16ರಿಂದ 44 ವರ್ಷದೊಳಗಿನ 3,305 ಜನರ ಆಟದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರದೆಯ ಮೇಲೆ ಹೊಸದೊಂದನ್ನು ಕಂಡು ಅದಕ್ಕೆ ಪ್ರತಿಕ್ರಿಯಿಸುವ ವೇಗ 24ನೇ ವಯಸ್ಸಿನಿಂದಲೇ ಇಳಿಯತೊಡಗುತ್ತದೆ ಎಂದು ಅವರು ಕಂಡರು. ಆದರೆ ಆ ಅಧ್ಯಯನದಲ್ಲೇ ಇನ್ನೊಂದು ಮಾತೂ ಇತ್ತು. ಹಿರಿಯ ಆಟಗಾರರು ಸೋತು ಕೂರುವುದಿಲ್ಲ. ಕಡಿಮೆ ತಲೆಬಿಸಿಯ ದಾರಿ ಹುಡುಕಿ, ಆಟವನ್ನು ಸರಳಗೊಳಿಸಿಕೊಂಡು, ವೇಗದ ಕೊರತೆಯನ್ನು ಅನುಭವದಿಂದ ತುಂಬಿಕೊಳ್ಳುತ್ತಾರೆ. ಅಂದರೆ ಬೆರಳು ನಿಧಾನವಾದದ್ದೇ ಆಟ ಬಿಡಲು ಕಾರಣವಾಗಬೇಕಿಲ್ಲ. ಅಮೆರಿಕದ ಗೇಮಿಂಗ್ ಉದ್ಯಮದ ಸಂಘಟನೆಯ 2024ರ ವರದಿಯ ಪ್ರಕಾರ ಅಲ್ಲಿ ಆಡುವವರ ಸರಾಸರಿ ವಯಸ್ಸೇ 36.

ಹಾಗಾದರೆ ಗಡಿಯಾರವೇ ಕಾರಣವೇ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿದರೆ, ಆರು ವರ್ಷ ಮೇಲ್ಪಟ್ಟ ಭಾರತೀಯರು ದಿನದ ಶೇ 11ರಷ್ಟು ಸಮಯವನ್ನು ಸಂಸ್ಕೃತಿ, ಬಿಡುವು, ಮಾಧ್ಯಮ, ಕ್ರೀಡೆಗಳಿಗೆ ಕೊಡುತ್ತಿದ್ದಾರೆ. 2019ರಲ್ಲಿ ಇದು ಶೇ 9.9 ಇತ್ತು. ಇದು ಎಲ್ಲ ವಯಸ್ಸಿನವರ ಸರಾಸರಿ ಎಂಬುದು ನೆನಪಿರಲಿ. ಆದರೂ ಬಿಡುವು ಒಟ್ಟಾರೆ ಕರಗಿ ಹೋಗಿಲ್ಲ, ಅದರ ಆಕಾರ ಬದಲಾಗಿದೆ ಎನ್ನಲು ಅಡ್ಡಿಯಿಲ್ಲ. ಮೆಟ್ರೊದಲ್ಲಿ ಇಪ್ಪತ್ತು ನಿಮಿಷ, ಮಗು ಮಲಗಿದ ಮೇಲೆ ಅರ್ಧ ಗಂಟೆ, ಊಟದ ವಿರಾಮದಲ್ಲಿ ಹತ್ತು ನಿಮಿಷ. ತುಂಡು ತುಂಡಾದ ಈ ಹೊತ್ತಿಗೆ ರೀಲ್ಸ್ ಸರಿಯಾಗಿ ಹೊಂದುತ್ತದೆ, ದೊಡ್ಡ ಆಟ ಹೊಂದುವುದಿಲ್ಲ. 2018ರಲ್ಲಿ ಬಂದ ರೆಡ್ ಡೆಡ್ ರಿಡೆಂಪ್ಷನ್ 2 ಆಟದ ಮುಖ್ಯ ಕಥೆ ಮುಗಿಸಲೇ ಸುಮಾರು 50 ಗಂಟೆ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಆಡಿದರೆ ನೂರು ದಿನ. ನಡುವೆ ಒಂದು ವಾರ ಊರಿಗೆ ಹೋಗಿ ಬಂದರೆ ಯಾವ ಬಟನ್ ಏತಕ್ಕೆ ಎಂಬುದೇ ಮರೆತಿರುತ್ತದೆ.

ಹೊತ್ತಿನ ಪ್ರಶ್ನೆ ಹೆಣ್ಣುಮಕ್ಕಳಿಗೆ ಇನ್ನೂ ಬಿಗಿ. ಅದೇ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸುಮಾರು 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಮೂವತ್ತಕ್ಕೆ ಆಸಕ್ತಿ ಹೋಯಿತೆಂದು ಗಂಡಸರು ಬೇಸರಪಡುವ ಹೊತ್ತಿಗೆ, ಅವರ ಜೊತೆಗೆ ಓದಿದ ಅನೇಕ ಹುಡುಗಿಯರ ಆಟ ಮದುವೆಯ ವರ್ಷವೇ ಮುಗಿದಿರುತ್ತದೆ.

ಆಟದ ಸ್ವರೂಪವೂ ಬದಲಾಗಿದೆ. ಹಿಂದೆ ಆಟಕ್ಕೊಂದು ಕೊನೆಯಿತ್ತು. ರಾಜಕುಮಾರಿ ಸಿಕ್ಕಿದಳು, ಮುಗಿಯಿತು. ಇಂದಿನ ಮೊಬೈಲ್ ಆಟಗಳಿಗೆ ಕೊನೆಯೇ ಇಲ್ಲ. ದಿನವೂ ಹಾಜರಿ ಹಾಕಿದರೆ ಬಹುಮಾನ, ವಾರದ ಗುರಿ, ಸೀಸನ್ ಮುಗಿದರೆ ಗಳಿಸಿದ ಶ್ರೇಣಿ ಮತ್ತೆ ಕೆಳಕ್ಕೆ. ಆಫೀಸಿನಲ್ಲಿ ಹಾಜರಾತಿ, ಗುರಿ, ವರ್ಷಾಂತ್ಯದ ರೇಟಿಂಗ್ ಎಂದು ಬಳಲಿ ಬಂದವನಿಗೆ ಮನೆಯಲ್ಲೂ ಅದೇ ಎದುರಾದರೆ ಅದು ಆಟವಲ್ಲ, ಎರಡನೇ ಪಾಳಿ. ಅದನ್ನು ಬಿಟ್ಟವನಿಗೆ ಆಸಕ್ತಿ ಕಡಿಮೆಯಾಗಿದೆ ಎನ್ನುವುದಕ್ಕಿಂತ ಬುದ್ಧಿ ಬಂದಿದೆ ಎನ್ನುವುದೇ ಸರಿ.

ಸ್ಕ್ವಾಡ್ ಎಂಬ ಅರಳಿಕಟ್ಟೆ

ಹೊರನಾಡಿನ ನಮಗೆ ಇದರಲ್ಲೊಂದು ಬೇರೆಯೇ ಎಳೆಯಿದೆ. 2018ರಲ್ಲಿ ಬಂದ ಪಬ್‌ಜಿ ಮೊಬೈಲ್‌ನಲ್ಲಿ ನಾಲ್ವರ ತಂಡ ಕಟ್ಟಿ, ಮೈಕ್ ಹಾಕಿಕೊಂಡು ಮಾತಾಡುತ್ತಾ ಆಡಬಹುದಿತ್ತು. ಒಬ್ಬ ಪುಣೆಯ ಹಿಂಜವಡಿಯಲ್ಲಿ, ಒಬ್ಬ ಚೆನ್ನೈನ ಓಎಂಆರ್‌ನಲ್ಲಿ, ಒಬ್ಬ ಗುರುಗ್ರಾಮದಲ್ಲಿ, ಇನ್ನೊಬ್ಬ ಊರಲ್ಲೇ. ಹಗಲೆಲ್ಲ ಹಿಂದಿ, ಮರಾಠಿ, ಇಂಗ್ಲಿಷ್ ಆಡಿದ ನಾಲಿಗೆಗೆ ರಾತ್ರಿ ಒಂದು ಗಂಟೆ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮಂಡ್ಯದ ಕನ್ನಡ. 'ಲೇ, ಮನಿ ಹಿಂದ ಅದಾನ ನೋಡ' ಎಂಬ ಕೂಗಿನಲ್ಲಿ ಗುಂಡಿನ ಸದ್ದಿಗಿಂತ ಊರಿನ ಸದ್ದೇ ಹೆಚ್ಚಿತ್ತು. 2020ರ ಲಾಕ್‌ಡೌನ್ ತಿಂಗಳುಗಳಲ್ಲಂತೂ ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವರಿಗೆ ಅದೇ ಅರಳಿಕಟ್ಟೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರವು ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಅದು ಮರಳಿತು. 2022ರ ಜುಲೈನಲ್ಲಿ ಮತ್ತೆ ಆ್ಯಪ್ ಅಂಗಡಿಗಳಿಂದ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಆಟವೇನೋ ಪ್ರತಿಸಲ ವಾಪಸ್ ಬಂತು, ತಂಡ ಬರಲಿಲ್ಲ. ಅಷ್ಟರಲ್ಲಿ ಒಬ್ಬನಿಗೆ ಮದುವೆ, ಒಬ್ಬನಿಗೆ ಅಮೆರಿಕದ ಗ್ರಾಹಕರ ರಾತ್ರಿ ಪಾಳಿ, ಒಬ್ಬನಿಗೆ ಮಗು. ಆಟದ ಮೇಲಿನ ಆಸಕ್ತಿ ಹೋಯಿತು ಎಂದು ನಾವು ಹೇಳುವಾಗ ಅನೇಕ ಸಲ ಹೋಗಿರುವುದು ಆಟದ ಆಸಕ್ತಿಯಲ್ಲ, ಜೊತೆಗೆ ಆಡುವವರು. ಗುರುತಿಲ್ಲದ ಮೂವರೊಡನೆ ಅದೇ ಆಟ ಆಡಿ ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ಖಾಲಿ ಜಾಗಕ್ಕೆ ಬಂದ ರಮ್ಮಿ

ಖಾಲಿಯಾದ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಆಟ ಬಿಟ್ಟ ಕೈಗೆ ಸುಲಭವಾಗಿ ಸಿಕ್ಕಿದ್ದು ದುಡ್ಡಿನ ಆಟ. ಮೂವತ್ತರ ಗಂಡಸಿಗೆ ಗೇಮ್ ಆಡುತ್ತೇನೆ ಎನ್ನಲು ನಾಚಿಕೆ, ಆದರೆ ಫ್ಯಾಂಟಸಿ ತಂಡ ಕಟ್ಟುತ್ತೇನೆ ಎನ್ನಲು ನಾಚಿಕೆಯಿಲ್ಲ. ಅದರಲ್ಲಿ ಲೆಕ್ಕಾಚಾರವಿದೆ, ಕ್ರಿಕೆಟ್ ಜ್ಞಾನವಿದೆ, ಲಾಭದ ಮಾತಿದೆ. ಕಂಪನಿಗಳು ಮಾರಿದ್ದೂ ಇದೇ ಗೌರವವನ್ನು. ಭಾರತ ತಂಡದ ಜೆರ್ಸಿಯ ಮೇಲೇ ಫ್ಯಾಂಟಸಿ ಆ್ಯಪಿನ ಹೆಸರಿದ್ದಾಗ ಅದನ್ನು ಜೂಜು ಎನ್ನುವವರು ಯಾರಿದ್ದರು?

ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು ಇದ್ದುದನ್ನು ಕಣ್ಣಾರೆ ಕಂಡವರು ನಾವು. ತೆಲಂಗಾಣ 2017ರಲ್ಲೇ ದುಡ್ಡು ಕಟ್ಟುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತ್ತು. ತಮಿಳುನಾಡು ಮಧ್ಯರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ದುಡ್ಡಿನ ಆಟಕ್ಕೆ ಬಾಗಿಲು ಹಾಕಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಹೈದರಾಬಾದಿನಲ್ಲಿ ತೆರೆಯದ ಆ್ಯಪ್ ಊರಿನ ರೈಲು ರಾಯಚೂರು ದಾಟುತ್ತಲೇ ತೆರೆದುಕೊಳ್ಳುತ್ತಿತ್ತು. 2025ರ ಕೇಂದ್ರ ಕಾಯ್ದೆ ಈ ಗಡಿಗಳನ್ನು ಅಳಿಸಿತು. ಕೌಶಲವಿರಲಿ, ಅದೃಷ್ಟವಿರಲಿ, ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ಇ–ಸ್ಪೋರ್ಟ್ಸ್ ಮತ್ತು ದುಡ್ಡಿಲ್ಲದ ಆಟಗಳಿಗೆ ಮಾನ್ಯತೆಯಿದೆ. ಸುಮಾರು 45 ಕೋಟಿ ಜನ ಈ ಆಟಗಳಲ್ಲಿ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರ ಮುಂದಿಟ್ಟ ಅಂದಾಜು. ಕಾಯ್ದೆ ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

ಕಾನೂನು ಆ್ಯಪನ್ನು ಮುಚ್ಚಿಸಬಲ್ಲದು. ಆದರೆ ರಾತ್ರಿ ಹನ್ನೊಂದಕ್ಕೆ ಒಬ್ಬಂಟಿ ಕೋಣೆಯಲ್ಲಿ ಕೂತವನ ಕೈಗೆ ಮತ್ತೇನು ಕೊಡಬೇಕೆಂಬುದು ಕಾನೂನಿನ ಕೆಲಸವಲ್ಲ. ಆ ಜಾಗಕ್ಕೆ ಈಗ ಷೇರು ಮಾರುಕಟ್ಟೆಯ ಆಪ್ಷನ್ಸ್ ವಹಿವಾಟು ಬಂದು ಕೂರುವುದನ್ನು ಕಾಣಲು ದೂರ ಹೋಗಬೇಕಿಲ್ಲ. ಊಟದ ಮೇಜಿನ ಸುತ್ತ ಕಿವಿಗೊಟ್ಟರೆ ಸಾಕು.

ಬೇಸರವೋ, ಕಾಯಿಲೆಯೋ?

ಇಲ್ಲೊಂದು ಎಚ್ಚರ ಬೇಕು. ಆಟದ ಅತಿಯನ್ನು ವೈದ್ಯಲೋಕ ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 'ಶಟ್' ಕ್ಲಿನಿಕ್ ತೆರೆಯಿತು. ಆಟದ ಮೇಲಿನ ಆಸಕ್ತಿ ಇಳಿಯುವುದು ಮಾತ್ರ ಕಾಯಿಲೆಯಲ್ಲ. ಗೇಮ್ ಬೇಡವಾಗಿ ಬ್ಯಾಡ್ಮಿಂಟನ್ ಬೇಕೆನಿಸಿದರೆ, ಮಗಳೊಡನೆ ಕೂತು ಚಿತ್ರ ಬರೆಯಬೇಕೆನಿಸಿದರೆ, ಅದು ಬದುಕು ಮಗ್ಗುಲು ಬದಲಿಸಿದ್ದು, ಅಷ್ಟೆ.

ಆದರೆ ಗೇಮೂ ಬೇಡ, ಸಿನಿಮಾನೂ ಬೇಡ, ಗೆಳೆಯರ ಫೋನೂ ಬೇಡ, ಊರಿನ ಜಾತ್ರೆಗೂ ಮನಸ್ಸಿಲ್ಲ ಎಂಬ ಸ್ಥಿತಿ ಎರಡು ವಾರ ಬಿಡದೆ ಕಾಡಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಯಾವುದರಲ್ಲೂ ರುಚಿ ಇಲ್ಲದಿರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು. ಮನೆಯವರು ಹತ್ತಿರವಿಲ್ಲದ, ಕಷ್ಟ ಹೇಳಲು ಬೇರೆ ಭಾಷೆ ಹುಡುಕಬೇಕಾದ ನಮ್ಮಂಥವರಲ್ಲಿ ಇದು ಗಮನಕ್ಕೆ ಬರುವುದೇ ತಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ. 20 ಭಾಷೆಗಳಲ್ಲಿ ಸೇವೆಯಿದ್ದು, ಕನ್ನಡವೂ ಅವುಗಳಲ್ಲೊಂದು. ಗೆಳೆಯರ ಬಳಗದಲ್ಲಿ ಮೂರು ತಿಂಗಳಿಂದ ಸದ್ದಿಲ್ಲದವರಿಗೆ ಈ ಸಂಖ್ಯೆ ಕಳಿಸುವ ಮೊದಲು ಒಂದು ಕರೆ ಮಾಡಿದರೆ ಇನ್ನೂ ಒಳ್ಳೆಯದು.

ದೊಡ್ಡವರಿಗೆ ಆಟವೇಕೆ?

ಆಟ ಮಕ್ಕಳದ್ದು ಎಂಬ ಮಾತು ನಮ್ಮ ನೆಲದ್ದಲ್ಲ. ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನು ಅಜ್ಜ ಅಜ್ಜಿಯರೇ ಮುಂದೆ ಕೂತು ಆಡುತ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತವನ್ನು ಬ್ರಿಟಿಷರು ಕೈಗೆತ್ತಿಕೊಂಡ ನಂತರದ ವರ್ಷಗಳಲ್ಲೂ ಇಸ್ಪೀಟು, ಚದುರಂಗಗಳ ಹೊಸ ಹೊಸ ಬಗೆಗಳನ್ನು ರೂಪಿಸಿದವರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಈ ಪರಂಪರೆಯ ಆಟಗಳನ್ನು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಮತ್ತೆ ಜನರ ಮುಂದಿಟ್ಟಿದೆ. ಆ ಆಟಗಳು ವಯಸ್ಸು ದಾಟಿ ಉಳಿದದ್ದಕ್ಕೆ ಕಾರಣ ಸರಳ. ಅವಕ್ಕೆ ಬೆರಳಿನ ವೇಗ ಬೇಕಿರಲಿಲ್ಲ, ದಿನದ ಹಾಜರಿ ಬೇಕಿರಲಿಲ್ಲ, ಎದುರಿಗೆ ಒಬ್ಬ ಮನುಷ್ಯ ಇದ್ದರೆ ಸಾಕಿತ್ತು.

ಆದ್ದರಿಂದ ಹಳೆಯ ಗೇಮಿನ ಮೇಲೆ ಮನಸ್ಸಿಲ್ಲವೆಂದು ಕೊರಗಬೇಕಿಲ್ಲ. ಬಲವಂತವಾಗಿ ಮತ್ತೆ ಕನ್ಸೋಲಿನ ಮುಂದೆ ಕೂರಬೇಕಾಗಿಯೂ ಇಲ್ಲ. ಕೇಳಿಕೊಳ್ಳಬೇಕಾದ್ದು ಒಂದೇ: ಲಾಭವಿಲ್ಲದೆ, ರೇಟಿಂಗ್ ಇಲ್ಲದೆ, ನಮ್ಮವರ ಜೊತೆ ನಗುತ್ತಾ ಕಳೆಯುವ ಒಂದು ಗಂಟೆ ವಾರದಲ್ಲಿ ಎಲ್ಲಾದರೂ ಉಳಿದಿದೆಯೇ? ಅದು ಭಾನುವಾರದ ಕ್ರಿಕೆಟ್ ಆಗಬಹುದು, ಕನ್ನಡ ಸಂಘದ ಕೇರಂ ಆಗಬಹುದು, ತಿಂಗಳಿಗೊಮ್ಮೆ ನಾಲ್ಕು ಊರುಗಳಿಂದ ಸೇರಿ ಆಡುವ ಹಳೆಯ ಏಜ್ ಆಫ್ ಎಂಪೈರ್ಸ್ ಕೂಡ ಆಗಬಹುದು. ರಾಜ್ಯೋತ್ಸವಕ್ಕೆ ವರ್ಷಕ್ಕೊಮ್ಮೆ ವೇದಿಕೆ ಕಟ್ಟುವ ನಮ್ಮ ಹೊರನಾಡ ಸಂಘಗಳು ವಾರಕ್ಕೊಂದು ಸಂಜೆ ಒಂದು ಕೋಣೆಯಲ್ಲಿ ನಾಲ್ಕು ಚೌಕಾಬಾರ ಮಣೆ ಹಾಕಿದರೆ, ಭಾಷಣಕ್ಕೆ ಬಾರದ ಹುಡುಗರೂ ಬಂದು ಕೂರುತ್ತಾರೆ.