ಮಲಗಿಸಿದ್ರೆ ಚಟ ಹೋಗುತ್ತಾ? (ಭಾಗ 3)

ಹೋದ ಪೋಸ್ಟಿಗೆ ಬಂದ ಕಮೆಂಟಲ್ಲಿ ಎರಡೇ ಮಾತು ಜಾಸ್ತಿ. "ವಿತ್‌ಡ್ರಾಯಲ್ ಅನ್ನೋದೆಲ್ಲ ನಾಟಕ, ಮನಸ್ಸು ಗಟ್ಟಿ ಇರ್ಬೇಕು ಅಷ್ಟೆ." ಇನ್ನೊಂದು, "ಅನಸ್ತೇಶಿಯಾ ಕೊಟ್ಟು ಮಲಗಿಸ್ತಾರಂತೆ, ಏಳೋ ಹೊತ್ತಿಗೆ ಎಲ್ಲ ಕ್ಲೀನ್." ಎರಡೂ ಸುಳ್ಳು ಮಾರಾಯ್ರೇ.

ಮೊದಲು ನಾಟಕದ ಮಾತು. ಲ್ಯಾಬಲ್ಲಿ ಇಲಿಗೆ ಕೆಲವು ದಿನ ಮಾರ್ಫಿನ್ ಕೊಡ್ತಾರೆ. ಆಮೇಲೆ ನಲಾಕ್ಸೋನ್ ಚುಚ್ತಾರೆ, ಅದು ಮಾರ್ಫಿನ್‌ನ ಅದರ ಜಾಗದಿಂದ ತಳ್ಳಿ ಹಾಕೋ ಔಷಧಿ. ನಿಮಿಷಗಳಲ್ಲೇ ಇಲಿ ಮಳೇಲಿ ನೆಂದ ನಾಯಿ ಥರ ಮೈ ಕೊಡವುತ್ತೆ, ಹಲ್ಲು ಕಟಕಟ ಅನ್ನುತ್ತೆ, ಭೇದಿ ಆಗುತ್ತೆ. ಆ ಇಲಿ ಯಾವ ಕೆಟ್ಟ ಸಹವಾಸ ಮಾಡಿತ್ತು? ಯಾರ ಮುಂದೆ ನಾಟಕ ಆಡ್ತಿತ್ತು? ನಮ್ಮ ಕ್ಲಾಸಲ್ಲಿ ನೋವಿನ ಮಾತ್ರೆಯಿಂದ ಶುರುವಾಗಿ ಸಿಕ್ಕಿಹಾಕ್ಕೊಂಡವನಿಗೆ (ಹೆಸರು ಕೇಳ್ಬೇಡಿ) ಇಲಿಗೆ ಸಿಗೋ ಅಷ್ಟು ನಂಬಿಕೆನೂ ನಾವು ಕೊಡಲ್ಲ.

ಇನ್ನು ಮಲಗಿಸೋ ಮಾತು. ಇದು ಪೂರ್ತಿ ಗಾಳಿಮಾತಲ್ಲ. 1991ರಲ್ಲಿ ಇಲಿಗಳಿಗೆ ಮಾರ್ಫಿನ್ ಜೊತೆಗೇ ಎಂಕೆ-801 ಕೊಟ್ಟು ನೋಡಿದ್ರು. ಕೆಟಮಿನ್ ಅನ್ನೋ ಅರಿವಳಿಕೆ ಮೆದುಳಲ್ಲಿ ಹಿಡಿಯೋ ಜಾಗವನ್ನೇ ಇದೂ ಹಿಡಿಯುತ್ತೆ. ಅವಲಂಬನೆ ಕಮ್ಮಿ ಆಯ್ತು. ಆದ್ರೆ ಗಮನಿಸಿ: ಕೊಟ್ಟಿದ್ದು ಚಟ ಹತ್ತೋ ಹೊತ್ತಲ್ಲಿ, ಹತ್ತಿದ ಮೇಲಲ್ಲ. ಮತ್ತೆ ಪ್ರಜ್ಞೆ ಇಲ್ಲದ ಇಲಿ ಮೈ ಕೊಡವಲ್ಲ ನಿಜ, ಹಾಗಂತ ಒಳಗಿನ ಲೆಕ್ಕ ಚುಕ್ತಾ ಆಯ್ತು ಅಂತಲ್ಲ. ಬಿಕಾಂ ಓದೋರಿಗೆ ಇದು ಹೇಳ್ಬೇಕಾ? ಲೆಡ್ಜರ್ ಮುಚ್ಚಿಟ್ರೆ ಸಾಲ ತೀರುತ್ತಾ?

ಮನುಷ್ಯರ ಮೇಲೂ ನೋಡಿದಾರೆ. 2005ರಲ್ಲಿ ಅಮೆರಿಕದಲ್ಲಿ 106 ಹೆರಾಯಿನ್ ಚಟದವರನ್ನ ಮೂರು ಗುಂಪು ಮಾಡಿದ್ರು. ಅರಿವಳಿಕೆ ಗುಂಪು ಎದ್ದಾಗ ಅನುಭವಿಸಿದ ಸಂಕಟ ಉಳಿದವರಿಗಿಂತ ಕಮ್ಮಿ ಇರ್ಲಿಲ್ಲ. ಮೇಲಾಗಿ ಆ ಗುಂಪಲ್ಲಿ ಮೂರು ಸಲ ಜೀವಕ್ಕೇ ಕುತ್ತು ಬಂತು. 2012ರಲ್ಲಿ ನ್ಯೂಯಾರ್ಕಿನ ಒಂದು ಕ್ಲಿನಿಕ್ಕಲ್ಲಿ ಹೀಗೆ ಮಲಗಿಸಿದ 75 ಜನರಲ್ಲಿ ಇಬ್ಬರು ಸತ್ತೇ ಹೋದ್ರು.

"ಒಂದೇ ದಿನದಲ್ಲಿ ಮುಕ್ತಿ" ಅನ್ನೋ ರೀಲ್ ಫಾರ್ವರ್ಡ್ ಮಾಡೋರೇ, ಇನ್ನೊಂದು ವಿಷಯ. ಸ್ವಲ್ಪ ದಿನ ಬಿಟ್ಟವನ ಮೈಗೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಇರಲ್ಲ. ವಾಪಸ್ ಅಷ್ಟೇ ತಗೊಂಡ್ರೆ ಉಸಿರೇ ನಿಲ್ಲಬಹುದು. ಅದಕ್ಕೇ ವೈದ್ಯರ ನಿಗಾದಲ್ಲಿ, ನಿಧಾನಕ್ಕೆ, ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಜೊತೆ ತಿಂಗಳುಗಟ್ಟಲೆ ಚಿಕಿತ್ಸೆ. ಬೋರಿಂಗ್, ಗೊತ್ತು. ರೀಲ್ ಆಗಲ್ಲ.

ಭದ್ರಾವತಿಯಿಂದ ಬಸ್ ಹತ್ತಿದ್ರೆ ಶಿವಮೊಗ್ಗ ಎಷ್ಟು ದೂರ? ಮೆಗ್ಗಾನ್ ಆಸ್ಪತ್ರೇಲಿ ಮನೋವೈದ್ಯ ವಿಭಾಗ ಇದೆ. ಹೋಗೋಕೆ ಮುಜುಗರ ಅಂದ್ರೆ 14446ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಫ್ರೆಂಡ್ ಒಬ್ಬನೇ ಹೋಗಲ್ಲ ಅಂದ್ರೆ ನೀವೂ ಜೊತೆಗೆ ಹೋಗಿ, ಓಪಿಡಿ ಚೀಟಿ ನೀವೇ ಮಾಡಿಸಿ.