ಕತ್ತರಿಗೆ ಅವಸರವೇನು?
ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಆಪರೇಷನ್ನೇ ಗತಿ ಎಂಬ ಮಾತು ಕಬಡ್ಡಿ ಅಂಗಳದಲ್ಲೂ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೂ ಬೇರೂರಿದೆ. ಸ್ವೀಡನ್ನಿನ ವೈದ್ಯರು ಇದನ್ನು ಒರೆಗೆ ಹಚ್ಚಿದರು. 121 ಯುವಜನರಲ್ಲಿ ಅರ್ಧದಷ್ಟು ಮಂದಿಗೆ ಬೇಗನೆ ಶಸ್ತ್ರಚಿಕಿತ್ಸೆ. ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರಷ್ಟೇ ಆಪರೇಷನ್. ಎರಡು ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮಸಮ ಎಂದು 2010ರಲ್ಲಿ ವರದಿಯಾಯಿತು. ಆದರೆ ಐದು ವರ್ಷ ತುಂಬುವಷ್ಟರಲ್ಲಿ, ಕಾದವರಲ್ಲೂ ಸುಮಾರು ಅರ್ಧ ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. ಆಸ್ಟ್ರೇಲಿಯಾದವರದು ಇನ್ನೊಂದು ದಾರಿ: ಗಾಯವಾದ ಕೆಲವೇ ವಾರಗಳಲ್ಲಿ, ಹರಿದ ತುದಿಗಳು ಹತ್ತಿರ ಬರಲೆಂದು ಮಂಡಿಯನ್ನು 90 ಡಿಗ್ರಿಗೆ ಮಡಿಸಿ ನಾಲ್ಕು ವಾರ ಬ್ರೇಸ್‌ನಲ್ಲಿ ಬಿಗಿಯುವುದು, ಆಮೇಲೆ ಸ್ವಲ್ಪಸ್ವಲ್ಪವೇ ಸಡಿಲಿಸಿ ಹನ್ನೆರಡು ವಾರಕ್ಕೆ ಬಿಚ್ಚುವುದು. 2023ರ ವರದಿಯ 80 ಮಂದಿಯಲ್ಲಿ ಶೇ. 90ರಷ್ಟು ಜನರ ಎಂಆರ್‌ಐನಲ್ಲಿ ಕೂಡಿಕೊಳ್ಳುವ ಲಕ್ಷಣ ಕಂಡಿತು. ಹೋಲಿಕೆಗೆ ಮಾತ್ರ ಇನ್ನೊಂದು ಗುಂಪಿರಲಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಇದು ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು. ಮೆಡಿಕಲ್ ಶಾಪಿನ ಮಂಡಿಪಟ್ಟಿಗೆ ಈ ಕೆಲಸ ಬಾರದು. ನಡೆಯುವಾಗ ಮತ್ತೆಮತ್ತೆ ಮಂಡಿ ಜಾರುತ್ತಿದ್ದರೆ, ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿದು ಸಿಕ್ಕಿಕೊಂಡು ಕಾಲು ನೆಟ್ಟಗಾಗದಿದ್ದರೆ, ಕತ್ತರಿ ಬೇಕಾದೀತು. ಹಾಗಿಲ್ಲದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ‘ಕಾದರೆ ಏನಾಗುತ್ತದೆ?’ ಎಂದು ಡಾಕ್ಟರನ್ನು ಕೇಳಲಿ. ಯಾವ ದಾರಿ ಹಿಡಿದರೂ ತಿಂಗಳುಗಟ್ಟಲೆ ಫಿಸಿಯೋಥೆರಪಿಯಂತೂ ತಪ್ಪಿದ್ದಲ್ಲ.